ಡೆನ್ವರ್‌ನ ಇಬ್ಬರು ಗಿರಾಕಿಗಳು

ನಮ್ಮ ಕಡೆ ಹಳ್ಳಿಗಳಲ್ಲಿ ಡಿಸ್ಪೆನ್ಸರಿ ಅಂದ್ರೆ ಒಂದೇ ಅರ್ಥ. ಹೆಂಚಿನ ಕಟ್ಟಡ, ಒಳಗೊಬ್ಬ ಕಂಪೌಂಡರ್, ಜ್ವರಕ್ಕೆ ಬಿಳಿ ಮಾತ್ರೆ, ಕೆಮ್ಮಿಗೆ ನಾವೇ ಮನೆಯಿಂದ ಒಯ್ದ ಬಾಟ್ಲಿಗೆ ಹುಯ್ದುಕೊಡೋ ಕೆಂಪು ನೀರು. ಎರಡು ಹೆಜ್ಜೆ ಆಚೆ ದನಗಳಿಗೂ ಒಂದು ಡಿಸ್ಪೆನ್ಸರಿ. ಹಾಗಾಗಿ ಅಮೆರಿಕಕ್ಕೆ ಆನ್‌ಸೈಟ್ ಹೋದವರು ‘ಇಲ್ಲಿ ಡಿಸ್ಪೆನ್ಸರಿಗೆ ಹೋದ್ರೆ ಗಾಂಜಾ ಕೊಡ್ತಾರೆ, ಬಿಲ್ ಸಮೇತ’ ಅಂದಾಗ ನನಗೆ ಮೊದಲು ವಿಚಿತ್ರ ಅನಿಸಿದ್ದು ಆ ಪದ. ಸಾರಾಯಿ ಮಾರೋ ಜಾಗಕ್ಕೆ ಅಂಗಡಿ ಅಂತೀವಿ, ಬಾರ್ ಅಂತೀವಿ. ಗಾಂಜಾ ಮಾರೋ ಜಾಗಕ್ಕೆ ಮಾತ್ರ ದವಾಖಾನೆ ಹೆಸರು ಯಾಕೆ?

ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಒಂದೇ ಊರಿನ ಇಬ್ಬರು ಗಿರಾಕಿಗಳು ಸಿಗ್ತಾರೆ. ಊರು ಡೆನ್ವರ್, ಕೊಲರಾಡೊ ರಾಜ್ಯದ ರಾಜಧಾನಿ. ಒಬ್ಬರು 2014ರಲ್ಲಿ ಗಾಂಜಾ ಕೊಂಡು ರಸೀದಿ ತಗೊಂಡ್ರು. ಇನ್ನೊಬ್ಬರು 1937ರಲ್ಲಿ ಗಾಂಜಾ ಕೊಂಡು ಜೈಲಿಗೆ ಹೋದ್ರು. ಗಿಡ ಅದೇ, ಊರು ಅದೇ, ಮಧ್ಯೆ 77 ವರ್ಷ.

ಮೊದಲು ರಸೀದಿ ತಗೊಂಡವರ ಕಥೆ ನೋಡೋಣ.

2014ರ ಜನವರಿ 1, ಬೆಳಿಗ್ಗೆ ಎಂಟು ಗಂಟೆ. ಹೊರಗೆ ಹಿಮ ಬೀಳ್ತಿತ್ತು. ‘3ಡಿ ಕ್ಯಾನಬಿಸ್ ಸೆಂಟರ್’ ಅನ್ನೋ ಅಂಗಡಿ ಮುಂದೆ ಉದ್ದದ ಕ್ಯೂ, ಟಿವಿ ಕ್ಯಾಮೆರಾಗಳ ಜಾತ್ರೆ. ಮೊದಲ ಗಿರಾಕಿ ಶಾನ್ ಅಜ್ಜಾರಿಟಿ. ಮರೀನ್ ಸೈನಿಕರಾಗಿ ಇರಾಕ್‌ಗೆ ಎರಡು ಸಲ ಹೋಗಿ ಬಂದವರು. ಯುದ್ಧದಿಂದ ವಾಪಸ್ ಬಂದ ಮೇಲೂ ಯುದ್ಧ ತಲೆಯಿಂದ ಇಳಿಯದ ಕಾಯಿಲೆ, ಪಿಟಿಎಸ್‌ಡಿ, ಅವರಿಗಿತ್ತು. ಕೊಲರಾಡೊದಲ್ಲಿ 2000ನೇ ಇಸವಿಯಲ್ಲೇ ರೋಗಿಗಳಿಗೆ ಗಾಂಜಾ ಕೊಡಬಹುದು ಅಂತ ಜನ ಮತ ಹಾಕಿದ್ದರು. ಆದರೆ ಯಾವ ಯಾವ ರೋಗಕ್ಕೆ ಅನ್ನೋ ಪಟ್ಟಿಯಲ್ಲಿ ಪಿಟಿಎಸ್‌ಡಿ ಇರಲಿಲ್ಲ. ಅದು ಸೇರಿದ್ದು 2017ರಲ್ಲಿ. 2012ರ ನವೆಂಬರ್‌ನಲ್ಲಿ 64ನೇ ತಿದ್ದುಪಡಿ ಜನಮತಕ್ಕೆ ಬಂದಾಗ ಅಜ್ಜಾರಿಟಿ ಅದರ ಪರವಾಗಿ ಪ್ರಚಾರ ಮಾಡಿದ್ದರು. ಅದು ಗೆದ್ದಿತು. 21 ತುಂಬಿದ ಯಾರು ಬೇಕಾದರೂ, ಯಾವ ರೋಗದ ಚೀಟಿಯೂ ಇಲ್ಲದೆ ಕೊಳ್ಳಬಹುದು ಅಂತಾಯ್ತು. ಮೊದಲ ಗಿರಾಕಿಯಾಗಿ ಅವರನ್ನೇ ನಿಲ್ಲಿಸಿದ್ದು ಆಕಸ್ಮಿಕ ಅಲ್ಲ.

ಅವರು ಕೊಂಡಿದ್ದು ಒಂದು ಔನ್ಸಿನ ಎಂಟನೇ ಒಂದು ಭಾಗ, ಅಂದ್ರೆ ಮೂರೂವರೆ ಗ್ರಾಂ ಗಾಂಜಾ, ಜೊತೆಗೆ ಗಾಂಜಾ ಹಾಕಿದ ಒಂದು ಮಿಠಾಯಿ. ತೆರಿಗೆ ಸೇರಿ ಬಿಲ್ ಸುಮಾರು 60 ಡಾಲರ್. ಪ್ರಪಂಚದ ಪತ್ರಿಕೆಗಳೆಲ್ಲ ಆ ಫೋಟೋ ಹಾಕಿದವು.

ಮೊದಲ ಸಲ ಹೋದವರಿಗೆ ಈ ಅಂಗಡಿಗಳು ಆಶ್ಚರ್ಯ ಹುಟ್ಟಿಸೋದು ಒಳಗಿನ ಶಿಸ್ತಿನಿಂದ. ಬಾಗಿಲಲ್ಲೇ ಗುರುತಿನ ಚೀಟಿ ನೋಡ್ತಾರೆ. ತಲೆ ಮೇಲೆ ಕ್ಯಾಮೆರಾ. ಕೌಂಟರ್ ಹಿಂದೆ ‘ಬಡ್‌ಟೆಂಡರ್’ ಅಂತ ಕರೆಸಿಕೊಳ್ಳೋ ಹುಡುಗನೋ ಹುಡುಗಿಯೋ ಗಾಜಿನ ಡಬ್ಬಿ ತೆಗೆದು ವಾಸನೆ ತೋರಿಸ್ತಾರೆ. ಆಗ ರಾಜ್ಯದವರಿಗೆ ಒಂದು ಸಲಕ್ಕೆ ಒಂದು ಔನ್ಸ್, ಅಂದ್ರೆ 28 ಗ್ರಾಂ. ಹೊರಗಿನವರಿಗೆ ಅದರ ಕಾಲು ಭಾಗ ಮಾತ್ರ. ಅಂಗಡಿಯಲ್ಲಿ ಸೇದೋ ಹಾಗಿಲ್ಲ, ಬೀದಿಯಲ್ಲೂ ಸೇದೋ ಹಾಗಿಲ್ಲ.

ಇದರ ಬ್ಯಾಕೆಂಡ್ ಇನ್ನೂ ಮಜಾ. ಕೊಲರಾಡೊದಲ್ಲಿ ಪ್ರತಿ ಗಿಡಕ್ಕೂ ಒಂದು ಆರ್‌ಎಫ್‌ಐಡಿ ಟ್ಯಾಗ್ ಕಟ್ಟಿರ್ತಾರೆ. ‘ಮೆಟ್ರಿಕ್’ ಅನ್ನೋ ಸಾಫ್ಟ್‌ವೇರ್‌ನಲ್ಲಿ ಗಿಡ ಸಸಿಯಾಗಿದ್ದಾಗಿನಿಂದ ಹಿಡಿದು ಕೊಯ್ಲು, ಒಣಗಿಸೋದು, ಪ್ಯಾಕಿಂಗ್, ಸಾಗಣೆ, ಮಾರಾಟದವರೆಗೆ ಎಲ್ಲ ದಾಖಲಾಗಬೇಕು. ನಮ್ಮಲ್ಲಿ ಇನ್ವೆಂಟರಿ ಪ್ರಾಜೆಕ್ಟ್ ಮಾಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಯಾವ ಗ್ರಾಂ ಯಾವ ತೋಟದಿಂದ ಬಂತು ಅನ್ನೋದು ಸರ್ಕಾರಕ್ಕೆ ಗೊತ್ತಿರಬೇಕು, ಯಾಕಂದ್ರೆ ಅದರ ಮೇಲೆ ತೆರಿಗೆ ಇದೆ. ಆ ತೆರಿಗೆಯ ಒಂದು ಪಾಲು ಶಾಲಾ ಕಟ್ಟಡಗಳಿಗೆ ಹೋಗಬೇಕು ಅಂತಲೇ ತಿದ್ದುಪಡಿಯಲ್ಲಿ ಬರೆದಿದ್ದರು.

ಇಷ್ಟೆಲ್ಲ ಶಿಸ್ತಿದ್ದರೂ ಶುರುವಿನಲ್ಲಿ ಎಡವಟ್ಟು ಆಯ್ತು. ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ್ತಿ ಮೊರೀನ್ ಡೌಡ್ ಅದೇ ವರ್ಷ ಡೆನ್ವರ್‌ಗೆ ಹೋಗಿ, ಹೋಟೆಲ್ ರೂಮಿನಲ್ಲಿ ಗಾಂಜಾ ಹಾಕಿದ ಚಾಕೊಲೇಟ್ ಬಾರ್ ತಿಂದ್ರು. ಮೊದಲು ಏನೂ ಆಗಲಿಲ್ಲ. ಇನ್ನಷ್ಟು ತಿಂದ್ರು. ಒಂದು ಗಂಟೆ ಆದ ಮೇಲೆ ಶುರುವಾಗಿದ್ದು ರಾತ್ರಿಯಿಡೀ ಬಿಡಲಿಲ್ಲ, ತಾನು ಸತ್ತೇ ಹೋಗಿದ್ದೀನಿ ಅನ್ನೋ ಮಟ್ಟಕ್ಕೆ ಹೋಯ್ತು. ಅವರೇ ಅದನ್ನ ಅಂಕಣದಲ್ಲಿ ಬರೆದ್ರು. ಹೋಳಿ ದಿನ ಭಾಂಗ್ ಕುಡಿದು ಪಜೀತಿ ಪಟ್ಟವರಿಗೆ ಇದು ಹೊಸ ವಿಷಯ ಅಲ್ಲ. ಸೇದಿದ್ದು ನಿಮಿಷದಲ್ಲಿ ಏರುತ್ತೆ, ಹೊಟ್ಟೆಗೆ ಹೋಗಿದ್ದು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತೆ. ಆಮೇಲೆ ಕೊಲರಾಡೊ ನಿಯಮ ಬಿಗಿ ಮಾಡ್ತು. ಒಂದು ಸಲಕ್ಕೆ ತಿನ್ನೋ ತುಂಡು 10 ಮಿಲಿಗ್ರಾಂ ಟಿಎಚ್‌ಸಿ ಮೀರಬಾರದು, ತುಂಡುಗಳು ಬೇರೆ ಬೇರೆ ಅಂತ ಗೊತ್ತಾಗಬೇಕು. ಗಾಂಜಾ ನಿರಪಾಯಕಾರಿ ಅಂತ ಆ ಅಂಗಡಿಗಳೂ ಹೇಳೋದಿಲ್ಲ. ಅವು ಹೇಳೋದು ಇಷ್ಟೇ: ಎಷ್ಟು ತಗೋತಿದ್ದೀರಿ ಅನ್ನೋದು ಡಬ್ಬಿ ಮೇಲೆ ಬರೆದಿದೆ.

ಈಗ ಎರಡನೇ ಗಿರಾಕಿ.

1937ರ ಅಕ್ಟೋಬರ್ 1ರಂದು ಅಮೆರಿಕದಲ್ಲಿ ಮರಿವಾನಾ ತೆರಿಗೆ ಕಾಯ್ದೆ ಜಾರಿಗೆ ಬಂತು. ಕೆಲವೇ ದಿನಗಳಲ್ಲಿ ಡೆನ್ವರ್‌ನಲ್ಲಿ ಇಬ್ಬರು ಸಿಕ್ಕಿಬಿದ್ದರು. ಮಾರಿದ ಸ್ಯಾಮ್ಯುಯೆಲ್ ಕಾಲ್ಡ್‌ವೆಲ್, ಅರವತ್ತರ ಹತ್ತಿರದ ಮನುಷ್ಯ. ಕೊಂಡ ಮೋಸೆಸ್ ಬಾಕಾ, ಇಪ್ಪತ್ತರ ಹರೆಯದ ಯುವಕ. ಆ ಹೊಸ ಕಾಯ್ದೆಯಡಿ ಶಿಕ್ಷೆಯಾದ ಮೊದಲಿಗರಲ್ಲಿ ಇವರಿಬ್ಬರ ಹೆಸರಿದೆ. ನ್ಯಾಯಾಧೀಶ ಫಾಸ್ಟರ್ ಸೈಮ್ಸ್ ಕಾಲ್ಡ್‌ವೆಲ್‌ಗೆ 4 ವರ್ಷ ಜೈಲು, 1,000 ಡಾಲರ್ ದಂಡ ಹಾಕಿದ್ರು. ಬಾಕಾಗೆ 18 ತಿಂಗಳು. ಇಬ್ಬರೂ ಲೆವೆನ್‌ವರ್ತ್ ಫೆಡರಲ್ ಜೈಲಿಗೆ ಹೋದ್ರು.

ಗಮನಿಸಿ, ಆ ಕಾಯ್ದೆ ಗಾಂಜಾ ನಿಷೇಧ ಅಂತ ಎಲ್ಲೂ ಹೇಳ್ತಿರಲಿಲ್ಲ. ಅದೊಂದು ತೆರಿಗೆ ಕಾಯ್ದೆ. ನೋಂದಣಿ ಮಾಡಿಸಿಕೊಂಡವರಿಗೆ ಮಾರಿದರೆ ಔನ್ಸಿಗೆ 1 ಡಾಲರ್ ತೆರಿಗೆ. ನೋಂದಣಿ ಇಲ್ಲದವರಿಗೆ ಹೋದರೆ ಔನ್ಸಿಗೆ 100 ಡಾಲರ್. ವಸ್ತುವಿನ ಬೆಲೆಗಿಂತ ತೆರಿಗೆ ಎಷ್ಟೋ ಪಟ್ಟು. ತೆರಿಗೆ ಕಟ್ಟಿ ಸ್ಟಾಂಪ್ ಹಚ್ಚಿಸಿಕೊಳ್ಳೋಕೆ ಹೋದರೆ ಆ ಕಾಗದವೇ ಪೊಲೀಸರಿಗೆ ಸಾಕ್ಷಿ, ಯಾಕಂದ್ರೆ ಹೊತ್ತಿಗಾಗಲೇ ಬಹಳಷ್ಟು ರಾಜ್ಯಗಳು ತಮ್ಮ ಮಟ್ಟದಲ್ಲಿ ಗಾಂಜಾ ನಿಷೇಧಿಸಿದ್ದವು. ಕಟ್ಟಿದರೆ ರಾಜ್ಯ ಹಿಡಿಯುತ್ತೆ, ಕಟ್ಟದಿದ್ದರೆ ಕೇಂದ್ರ ಹಿಡಿಯುತ್ತೆ. ಹಾರ್ವರ್ಡ್‌ನಲ್ಲಿ ಪಾಠ ಮಾಡಿದ್ದ ಟಿಮೊತಿ ಲಿಯರಿ 1965ರಲ್ಲಿ ಟೆಕ್ಸಸ್ ಗಡಿಯಲ್ಲಿ ಸಿಕ್ಕಿಬಿದ್ದು ಇದನ್ನೇ ವಾದಿಸಿದ್ರು. 1969ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು: ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಪ್ರಜೆಯನ್ನು ಬಲವಂತ ಮಾಡೋ ಹಾಗಿಲ್ಲ. ಕಾಯ್ದೆ ಬಿತ್ತು. ಮರುವರ್ಷ, 1970ರಲ್ಲಿ, ಸಂಸತ್ತು ನೇರವಾಗಿಯೇ ಗಾಂಜಾವನ್ನು ಹೆರಾಯಿನ್ ಜೊತೆ ಮೊದಲನೇ ಷೆಡ್ಯೂಲಿಗೆ ಹಾಕಿತು.

1937ರ ಕಾಯ್ದೆಯ ಹಿಂದಿದ್ದ ಮನುಷ್ಯ ಹ್ಯಾರಿ ಆನ್‌ಸ್ಲಿಂಗರ್, 1930ರಿಂದ 1962ರವರೆಗೆ ಫೆಡರಲ್ ನಾರ್ಕೊಟಿಕ್ಸ್ ಬ್ಯೂರೋ ಮುಖ್ಯಸ್ಥ. ಸಂಸತ್ತಿನ ವಿಚಾರಣೆಯಲ್ಲಿ ಆತ ಮುಂದಿಟ್ಟ ದಾಖಲೆಗಳಲ್ಲಿ ಕೊಲರಾಡೊದ್ದೇ ಒಂದು ಪತ್ರ ಇತ್ತು. ಅಲಮೋಸಾ ಅನ್ನೋ ಸಣ್ಣ ಊರಿನ ಪತ್ರಿಕೆಯ ಸಂಪಾದಕ ಬರೆದದ್ದು. ತಮ್ಮ ಊರಿನ ಸ್ಪ್ಯಾನಿಷ್ ಮಾತಾಡೋ ಜನ ಗಾಂಜಾ ಸೇದಿ ಏನೇನಾಗ್ತಿದ್ದಾರೆ ಅನ್ನೋದು ಅದರ ಸಾರ. ಕೊಲರಾಡೊದ ಬೀಟ್ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರು ಬಹಳಷ್ಟು ಅವರೇ. ಬಾಕಾ ಅನ್ನೋ ಅಡ್ಡಹೆಸರೂ ಸ್ಪ್ಯಾನಿಷ್ ಮೂಲದ್ದೇ. ಅದೇ ವಿಚಾರಣೆಯಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪರ ಬಂದ ಡಾ. ವಿಲಿಯಂ ವುಡ್‌ವರ್ಡ್ ಆಕ್ಷೇಪ ಎತ್ತಿದ್ರು. ಅವರ ದೂರು ಸರಳ: ನೀವು ಮರಿವಾನಾ ಅಂತ ಕರೀತಿರೋದು ನಮ್ಮ ಔಷಧಿ ಅಲಮಾರಿನಲ್ಲಿರೋ ಕ್ಯಾನಬಿಸ್ ಅಂತ ವೈದ್ಯರಿಗೇ ಗೊತ್ತಾಗಲಿಲ್ಲ. ಹೆಸರು ಬದಲಿಸಿದ್ದರಿಂದ ಎಚ್ಚರಿಕೆ ತಪ್ಪಿತು. ಅವರ ಮಾತು ಯಾರೂ ಕೇಳಲಿಲ್ಲ.

ಔಷಧಿ ಅಲಮಾರಿಗೆ ಕ್ಯಾನಬಿಸ್ ಬಂದಿದ್ದು ಎಲ್ಲಿಂದ? ಕಲ್ಕತ್ತೆಯಿಂದ. ಇಲ್ಲಿ ಕಥೆ ನಮ್ಮ ಕಡೆ ತಿರುಗುತ್ತೆ.

ವಿಲಿಯಂ ಓಶಾನೆಸಿ ಅನ್ನೋ ಐರಿಷ್ ವೈದ್ಯ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್. ಊರವರು ಗಾಂಜಾ, ಭಾಂಗ್, ಚರಸ್ ಬಳಸೋದನ್ನ ನೋಡಿ, ಪಂಡಿತರು ಹಕೀಮರನ್ನೆಲ್ಲ ಕೇಳಿ, ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪ್ರಯೋಗ ಮಾಡಿ 1839ರಲ್ಲಿ ಪ್ರಬಂಧ ಬರೆದರು. ಧನುರ್ವಾಯು ರೋಗಿಗಳ ಸೆಳೆತಕ್ಕೆ ಇದು ಉಪಶಮನ ಕೊಡುತ್ತೆ ಅಂದ್ರು. 1840ರ ದಶಕದ ಶುರುವಿನಲ್ಲಿ ಅವರು ಹೊರತಂದ ಔಷಧ ಗ್ರಂಥದ ಹೆಸರು ಕೇಳಿ: ಬೆಂಗಾಲ್ ಡಿಸ್ಪೆನ್ಸೆಟರಿ. ಅಲ್ಲಿಂದ ಟಿಂಕ್ಚರ್ ರೂಪದಲ್ಲಿ ಕ್ಯಾನಬಿಸ್ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಯ್ತು. ಅಮೆರಿಕದ ಅಧಿಕೃತ ಔಷಧ ಕೋಶದಲ್ಲಿ ಸುಮಾರು 90 ವರ್ಷ ಇತ್ತು, 1942ರಲ್ಲಿ ತೆಗೆದರು. ಅಂದ್ರೆ 1900ರಲ್ಲಿ ಡೆನ್ವರ್‌ನ ಔಷಧಿ ಅಂಗಡಿಗೆ ಹೋಗಿ ಇದನ್ನ ಕೇಳಿದ್ದರೆ ಯಾರೂ ತಿರುಗಿ ನೋಡ್ತಿರಲಿಲ್ಲ. ಅಂದ ಹಾಗೆ ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದ್ದೂ ಇದೇ ಓಶಾನೆಸಿ. ನಮ್ಮ ನೆಟ್‌ವರ್ಕ್ ಇಂಜಿನಿಯರುಗಳ ಮೂಲಪುರುಷ!

ರಾಜ್ಯವೇ ಲೆಕ್ಕ ಇಟ್ಟು ಗಾಂಜಾ ಮಾರಿಸೋದೂ ಕೊಲರಾಡೊದ ಹೊಸ ಐಡಿಯಾ ಅಲ್ಲ. 19ನೇ ಶತಮಾನದ ಬಂಗಾಳದಲ್ಲಿ ಈಗಿನ ಬಾಂಗ್ಲಾದೇಶದ ನವಗಾಂವ್ ಸುತ್ತಮುತ್ತ ಮಾತ್ರ ಗಾಂಜಾ ಬೆಳೆಯೋಕೆ ಅನುಮತಿ ಇತ್ತು. ರೈತನಿಗೆ ಲೈಸೆನ್ಸ್. ಬೆಳೆದದ್ದು ಸರ್ಕಾರದ ಕಣ್ಣಿನ ಕೆಳಗಿನ ಉಗ್ರಾಣಕ್ಕೆ. ಅಲ್ಲಿಂದ ಹೊರಡಬೇಕಾದರೆ ಸುಂಕ, ಸಾಗಿಸೋಕೆ ಪಾಸು, ಕೊನೆಗೆ ಲೈಸೆನ್ಸ್ ಇರೋ ಅಂಗಡಿಯಲ್ಲಿ ಮಾರಾಟ. ಆರ್‌ಎಫ್‌ಐಡಿ ಟ್ಯಾಗ್ ಬದಲು ಗುಮಾಸ್ತನ ಖಾತೆ ಪುಸ್ತಕ, ಅಷ್ಟೇ ವ್ಯತ್ಯಾಸ.

1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು: ಗಾಂಜಾದಿಂದ ಭಾರತದ ಹುಚ್ಚಾಸ್ಪತ್ರೆಗಳು ತುಂಬ್ತಿವೆಯಂತೆ, ಅದನ್ನ ಮಾರಿ ದುಡ್ಡು ಮಾಡೋದು ಸರಿಯೇ? ಸರ್ಕಾರ ಭಾರತೀಯ ಗಾಂಜಾ ಆಯೋಗ ನೇಮಿಸಿತು. ಏಳು ಸದಸ್ಯರು, ಅದರಲ್ಲಿ ಮೂವರು ಭಾರತೀಯರು. 1,193 ಸಾಕ್ಷಿಗಳು. 1894ರಲ್ಲಿ ಬಂದ ವರದಿ ಮೂರು ಸಾವಿರ ಪುಟ ದಾಟುತ್ತೆ. ಅದರಲ್ಲಿ ಡೇಟಾ ಕೆಲಸ ಮಾಡೋರಿಗೆ ಖುಷಿ ಕೊಡೋ ಒಂದು ಭಾಗ ಇದೆ. ಹುಚ್ಚಾಸ್ಪತ್ರೆಯ ರಿಜಿಸ್ಟರಿನಲ್ಲಿ ‘ಕಾರಣ: ಗಾಂಜಾ’ ಅಂತ ಬರೆದಿದ್ದನ್ನ ಆಯೋಗ ಒಂದೊಂದಾಗಿ ಹಿಂಬಾಲಿಸಿತು. ಆ ಕಾಲಂ ತುಂಬಿದ್ದು ಎಷ್ಟೋ ಕಡೆ ವೈದ್ಯರಲ್ಲ, ರೋಗಿಯನ್ನು ಕರೆತಂದ ಪೊಲೀಸರು. ಬೇರೆ ಕಾರಣ ಗೊತ್ತಿಲ್ಲದಿದ್ದರೆ ಗಾಂಜಾ ಅಂತ ಬರೆಯೋದು ರೂಢಿ. ಮರುಪರಿಶೀಲನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಕರಣ ಬಿದ್ದುಹೋದವು. ಕಸ ತುಂಬಿದರೆ ಕಸವೇ ಬರೋದು ಅನ್ನೋದನ್ನ ಕಂಪ್ಯೂಟರ್ ಹುಟ್ಟೋಕೆ ಮೊದಲೇ ಇವರು ಕಂಡುಕೊಂಡಿದ್ದರು. ಮಿತಿಯಲ್ಲಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಇದೆ, ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಅಂತ ಆಯೋಗ ಹೇಳಿತು.

ಆ ಲೈಸೆನ್ಸ್ ಅಂಗಡಿಗಳು ಸ್ವಾತಂತ್ರ್ಯದ ನಂತರವೂ ಇದ್ದವು. ಆದರೆ 1961ರ ವಿಶ್ವಸಂಸ್ಥೆ ಒಪ್ಪಂದ ಗಾಂಜಾವನ್ನು ಜಗತ್ತಿಡೀ ಕಟ್ಟುಪಾಡಿಗೆ ತಂತು. ಔಷಧಿಗಲ್ಲದ ಬಳಕೆ ನಿಲ್ಲಿಸೋಕೆ ನಮ್ಮಂಥ ದೇಶಗಳಿಗೆ 25 ವರ್ಷ ಗಡುವು ಸಿಕ್ಕಿತು. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಒಪ್ಪಂದದ ಹಾಗೇ ನಮ್ಮ ಕಾಯ್ದೆಯಲ್ಲೂ ಗಾಂಜಾ ಅಂದ್ರೆ ಹೂವಿನ ಗೊನೆ, ಬರೀ ಎಲೆ ಬೀಜ ಲೆಕ್ಕಕ್ಕಿಲ್ಲ. ಅದಕ್ಕೇ ವಾರಾಣಸಿಯಲ್ಲಿ, ಜೈಸಲ್ಮೇರ್‌ನಲ್ಲಿ ಭಾಂಗ್ ಅಂಗಡಿ ಸರ್ಕಾರಿ ಲೈಸೆನ್ಸ್ ಬೋರ್ಡ್ ಹಾಕ್ಕೊಂಡು ನಡೀತಿವೆ. 2022ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಬೆಂಗಳೂರಿನಲ್ಲಿ 29 ಕೆಜಿ ಭಾಂಗ್ ಜೊತೆ ಸಿಕ್ಕವರೊಬ್ಬರಿಗೆ ಜಾಮೀನು ಕೊಡುವಾಗ, ಭಾಂಗ್ ಎನ್‌ಡಿಪಿಎಸ್ ಅಡಿ ನಿಷೇಧಿತ ವಸ್ತು ಅಲ್ಲ ಅಂತ ಹೇಳಿದ್ದು ಈ ಆಧಾರದ ಮೇಲೇ. ಅದೇ ಗಿಡದ ಹೂವು ಹತ್ತಿ ಸಾಲಿನ ಮಧ್ಯೆ ಬೆಳೆದ ರೈತ ಮಾತ್ರ ಜೈಲಿಗೆ.

ಮತ್ತೆ ಅಮೆರಿಕಕ್ಕೆ ಬರೋಣ. 1970ರಲ್ಲಿ ಮುಚ್ಚಿದ ಬಾಗಿಲು ತೆರೆದಿದ್ದು ಹೇಗೆ? ತೆರೆದವರು ರೋಗಿಗಳು.

1980ರ ದಶಕದ ಸ್ಯಾನ್ ಫ್ರಾನ್ಸಿಸ್ಕೊ. ಏಡ್ಸ್‌ಗೆ ಔಷಧಿ ಇಲ್ಲದ ಕಾಲ. ರೋಗಿಗಳಿಗೆ ಹಸಿವಿಲ್ಲ, ತಿಂದದ್ದು ನಿಲ್ಲಲ್ಲ, ಕಣ್ಣೆದುರೇ ಒಣಗಿ ಹೋಗ್ತಿದ್ದರು. ಮೇರಿ ಜೇನ್ ರಾತ್‌ಬನ್ ಅನ್ನೋ ವಯಸ್ಸಾದ ಹೆಂಗಸು ಗಾಂಜಾ ಹಾಕಿದ ಬ್ರೌನಿ ಬೇಯಿಸಿ ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯ 86ನೇ ವಾರ್ಡಿನ ಹುಡುಗರಿಗೆ ಹಂಚ್ತಿದ್ದರು. ಅವರ ಮಗಳು ಅಪಘಾತದಲ್ಲಿ ತೀರಿಕೊಂಡಿದ್ದಳು. ಆ ರೋಗಿಗಳನ್ನೇ ಮಕ್ಕಳು ಅಂತಿದ್ದರು. ಮೂರು ಸಲ ಅರೆಸ್ಟ್ ಆದ್ರು. ‘ಬ್ರೌನಿ ಮೇರಿ’ಯನ್ನು ಜೈಲಿಗೆ ಹಾಕಿದ ಫೋಟೋ ಪತ್ರಿಕೆಯಲ್ಲಿ ಬಂದಾಗಲೆಲ್ಲ ಜನ ಕಾನೂನಿನ ಮೇಲೇ ಸಿಟ್ಟಾದ್ರು. 1992ರಲ್ಲಿ ನಗರಸಭೆ ಆಗಸ್ಟ್ 25ನ್ನು ಅವರ ಹೆಸರಿನ ದಿನ ಅಂತ ಘೋಷಿಸಿತು.

ಅವರ ಗೆಳೆಯ ಡೆನಿಸ್ ಪೆರಾನ್, ಗಾಂಜಾ ಮಾರ್ತಿದ್ದವರು. 1990ರಲ್ಲಿ ಅವರ ಮನೆ ಮೇಲೆ ಪೊಲೀಸ್ ದಾಳಿ ಆಯ್ತು. ಸಿಕ್ಕ ಗಾಂಜಾ ನನ್ನದು, ನನ್ನ ಕಾಯಿಲೆಗೆ ಅಂತ ಅವರ ಸಂಗಾತಿ ಜೊನಾಥನ್ ವೆಸ್ಟ್ ಕೋರ್ಟಿಗೆ ಬಂದು ಹೇಳಿದ್ರು. ಏಡ್ಸ್ ಕೊನೆ ಹಂತದಲ್ಲಿತ್ತು. ಕೇಸು ಬಿತ್ತು, ಸ್ವಲ್ಪ ದಿನಕ್ಕೇ ವೆಸ್ಟ್ ತೀರಿಕೊಂಡ್ರು. ಪೆರಾನ್ ಮರುವರ್ಷ ನಗರದಲ್ಲಿ ಜನಮತ ನಡೆಸಿದ್ರು, ಸುಮಾರು ಶೇ 80 ಮತ ಪರ. ಆಮೇಲೆ ಕ್ಯಾನಬಿಸ್ ಬಯರ್ಸ್ ಕ್ಲಬ್ ತೆಗೆದ್ರು. ವೈದ್ಯರ ಚೀಟಿ ತಂದವರಿಗೆ ಅಲ್ಲಿ ಗಾಂಜಾ, ಜೊತೆಗೆ ಕೂತು ಮಾತಾಡೋಕೆ ಜನ. 1996ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಇಡೀ ರಾಜ್ಯ 215ನೇ ಪ್ರಸ್ತಾವಕ್ಕೆ ಶೇ 55ಕ್ಕೂ ಹೆಚ್ಚು ಮತ ಕೊಟ್ಟಿತು.

ಡಿಸ್ಪೆನ್ಸರಿ ಅನ್ನೋ ಹೆಸರಿನ ಮೂಲ ಇಲ್ಲಿದೆ. ಕಾನೂನಿನ ಬಾಗಿಲು ತೆರೆದದ್ದು ಔಷಧಿಯ ಹೆಸರಲ್ಲಿ, ಹಾಗಾಗಿ ಅಂಗಡಿಗೂ ದವಾಖಾನೆಯ ಹೆಸರು. ಮಜಕ್ಕೆ ಕೊಳ್ಳೋರು ಅದೇ ಬಾಗಿಲಲ್ಲಿ 18 ವರ್ಷ ತಡವಾಗಿ ಬಂದ್ರು.

ಆದರೆ ಕೇಂದ್ರದ ಕಾನೂನು ಪಕ್ಕಕ್ಕೆ ಸರಿಯಲಿಲ್ಲ. ಅದಕ್ಕೇ 2014ರ ಡೆನ್ವರ್‌ನಲ್ಲಿ ವ್ಯಾಪಾರ ಬಹುಪಾಲು ನಗದಿನಲ್ಲಿ. ಫೆಡರಲ್ ನಿಯಮದಲ್ಲಿ ನಡೆಯೋ ಬ್ಯಾಂಕುಗಳಿಗೆ ಅದು ಡ್ರಗ್ಸ್ ದುಡ್ಡು. ಆದಾಯ ತೆರಿಗೆಯದ್ದು ಇನ್ನೊಂದು ತಮಾಷೆ. 1981ರಲ್ಲಿ ಮಿನ್ನಿಯಾಪೊಲಿಸ್‌ನ ಒಬ್ಬ ಡ್ರಗ್ಸ್ ವ್ಯಾಪಾರಿ ತಕ್ಕಡಿ, ಪ್ಯಾಕಿಂಗ್, ಫೋನು, ಕಾರಿನ ಓಡಾಟ ಎಲ್ಲ ಖರ್ಚು ಕಳೆದು ತೆರಿಗೆ ಹಾಕಿ ಅಂತ ವಾದಿಸಿ ಗೆದ್ದ. ಸಿಟ್ಟಾದ ಸಂಸತ್ತು 1982ರಲ್ಲಿ 280ಇ ಅನ್ನೋ ಸೆಕ್ಷನ್ ತಂತು. ಅದರ ಬಿಸಿ ತಟ್ಟಿದ್ದು ಮೂವತ್ತು ವರ್ಷ ಆದ ಮೇಲೆ, ಲೈಸೆನ್ಸ್ ತಗೊಂಡು ಪ್ರಾಮಾಣಿಕವಾಗಿ ಲೆಕ್ಕ ಕೊಡೋ ಅಂಗಡಿಗಳಿಗೆ. ಅವು ಬಾಡಿಗೆ, ಸಂಬಳವನ್ನೂ ಖರ್ಚು ಅಂತ ತೋರಿಸೋ ಹಾಗಿಲ್ಲ.

ಈ ಬಿರುಕು ನಮ್ಮವರಿಗೂ ತಾಗುತ್ತೆ. ಎಚ್-1ಬಿ, ಗ್ರೀನ್ ಕಾರ್ಡ್ ಎಲ್ಲ ಕೇಂದ್ರದ ಕೈಯಲ್ಲಿ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ ಸ್ಪಷ್ಟವಾಗಿ ಹೇಳಿತು: ರಾಜ್ಯದಲ್ಲಿ ಕಾನೂನುಬದ್ಧ ಇದ್ದರೂ ಮರಿವಾನಾ ವ್ಯವಹಾರ ಪೌರತ್ವಕ್ಕೆ ಬೇಕಾದ ‘ಸನ್ನಡತೆ’ಗೆ ಅಡ್ಡಿಯಾಗಬಹುದು. ಬಳಸಿದ್ದೀನಿ ಅಂತ ಅಧಿಕಾರಿ ಮುಂದೆ ಒಪ್ಪಿಕೊಂಡರೂ ಸಾಕು, ಶಿಕ್ಷೆ ಆಗಿರಬೇಕಂತಿಲ್ಲ. ಒಂದೇ ಕ್ಯೂನಲ್ಲಿ ನಿಂತ ಅಮೆರಿಕನ್ನನಿಗೆ ಅದು ಬರೀ ಬಿಲ್, ಹಿಂದೆ ನಿಂತ ನಮ್ಮ ಹುಬ್ಬಳ್ಳಿ ಹುಡುಗನಿಗೆ ಅದು ತನ್ನ ವಿರುದ್ಧ ತಾನೇ ಬರೆದುಕೊಟ್ಟ ಸಾಕ್ಷಿ. 1937ರ ತೆರಿಗೆ ಸ್ಟಾಂಪಿನ ಹಾಗೇ.

ಬಾಕಾ ಕಾಲದಿಂದ 2014ರವರೆಗೆ ಜೈಲಿಗೆ ಹೋದವರ ಗತಿ ಏನು? ಅಮೆರಿಕದ ನಾಗರಿಕ ಹಕ್ಕು ಸಂಸ್ಥೆ ಎಸಿಎಲ್‌ಯು 2013ರಲ್ಲಿ ಕೊಟ್ಟ ವರದಿ ಪ್ರಕಾರ, ಬಳಕೆ ಹೆಚ್ಚುಕಡಿಮೆ ಸಮ ಇದ್ದರೂ ಗಾಂಜಾ ಇಟ್ಟುಕೊಂಡಿದ್ದಕ್ಕೆ ಅರೆಸ್ಟ್ ಆಗೋ ಸಾಧ್ಯತೆ ಬಿಳಿಯರಿಗಿಂತ ಕರಿಯರಿಗೆ 3.73 ಪಟ್ಟು ಜಾಸ್ತಿ. ಒಂದು ಸಲ ರೆಕಾರ್ಡ್ ಆದರೆ ಕೆಲಸ, ಬಾಡಿಗೆ ಮನೆ ಎಲ್ಲದಕ್ಕೂ ತೊಂದರೆ. ಇನ್ನೂ ದೊಡ್ಡ ವ್ಯಂಗ್ಯ, ಗಾಂಜಾ ಅಂಗಡಿ ಲೈಸೆನ್ಸಿಗೂ ಆ ರೆಕಾರ್ಡೇ ಅಡ್ಡಿ. 2020ರ ಅಕ್ಟೋಬರ್ 1ರಂದು ಕೊಲರಾಡೊ ಗವರ್ನರ್ ಜಾರೆಡ್ ಪೋಲಿಸ್, ಒಂದು ಔನ್ಸ್‌ವರೆಗೆ ಇಟ್ಟುಕೊಂಡಿದ್ದಕ್ಕೆ ಆದ 2,732 ಶಿಕ್ಷೆಗಳಿಗೆ ಒಟ್ಟಿಗೆ ಕ್ಷಮೆ ಕೊಟ್ಟರು. ಯಾರೂ ಅರ್ಜಿ ಹಾಕಬೇಕಿರಲಿಲ್ಲ, ದಾಖಲೆ ಹುಡುಕಿ ಸರ್ಕಾರವೇ ಪಟ್ಟಿ ಮಾಡಿತು. ಒಳ್ಳೆಯ ಕೆಲಸ. ಆದರೆ ಅದು ರಾಜ್ಯದ ಕೋರ್ಟುಗಳಲ್ಲಿ ಆದ ಶಿಕ್ಷೆಗಳಿಗೆ ಮಾತ್ರ. ಗವರ್ನರ್‌ಗೆ ಫೆಡರಲ್ ಶಿಕ್ಷೆ ಮುಟ್ಟೋ ಅಧಿಕಾರ ಇಲ್ಲ.

ಮೋಸೆಸ್ ಬಾಕಾರದ್ದು ಫೆಡರಲ್ ಶಿಕ್ಷೆ. ಅಜ್ಜಾರಿಟಿ ಕೊಂಡ ಊರಲ್ಲೇ ಕೊಂಡವರ ಹೆಸರು ಆ 2,732ರ ಪಟ್ಟಿಗೆ ಸೇರೋ ಹಾಗೇ ಇರಲಿಲ್ಲ.